ಐಬೋ, ಶೋಕಿಯೋ?

ಖಟಕ ಚಿಂಚೋಳಿಯಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರ ಮಗಳ ಶಾದಿ. ಇದು ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲ, ಬೀದರ್ ಜಿಲ್ಲೆ ಭಾಲ್ಕಿ ತಾಲೂಕಿನ ಊರು. ಹೊರಗಿನವರು ಪ್ರತಿ ಸಲ ಎರಡನ್ನೂ ಕಲಸುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆವು. ನಿಕಾಹ್ ಮುಗಿದು ಖಜೂರ ಹಂಚಿಯಾಗಿತ್ತು. ಬಗಾರಾ ಖಾನಾ, ದಾಲ್ಚಾದ ವಾಸನೆ ಶಾಮಿಯಾನದ ತುಂಬ ಹಬ್ಬಿತ್ತು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಒಂದು ಪ್ರಶ್ನೆ ಪರದೆ ದಾಟಿ ಗಂಡಸರ ಕಡೆಗೆ ಬಂತು. ಮದುಮಗಳ ಖಾಲಾ ಒಬ್ಬರು ಹಲ್ಲಿಗೆ ತಂತಿ ಹಾಕಿಸಿಕೊಂಡು ಬಂದಿದ್ದರು. ವಯಸ್ಸು ಮೂವತ್ತಾರು, ಪ್ರಾಥಮಿಕ ಶಾಲೆಯ ಶಿಕ್ಷಕಿ, ಇಬ್ಬರು ಮಕ್ಕಳ ತಾಯಿ. ಮುದುಕಿಯೊಬ್ಬರು ಅವರ ಗದ್ದ ಹಿಡಿದು ನೋಡಿ, "ಅಬ್ ಕಿಸ್‌ಕು ದಿಖಾನೇ ಕೆ ವಾಸ್ತೆ, ಬೇಟಾ?" ಎಂದರಂತೆ. ಇನ್ನು ಯಾರಿಗೆ ತೋರಿಸಲಿಕ್ಕೆ ಮಗಳೇ ಎಂದರ್ಥ. ಪಕ್ಕದಲ್ಲಿದ್ದ ಇನ್ನೊಬ್ಬರು, ಇದು ಜಾಯಿಜೋ ಅಲ್ಲವೋ ಹಜ್ರತರನ್ನು ಕೇಳಿಯೇ ಬಿಡೋಣ ಎಂದರು.

ನಿಕಾಹ್ ಓದಿಸಿದ ಮೌಲವಿ ಸಾಹೇಬರು ವಯಸ್ಸಾದವರು, ಆತುರದ ಮನುಷ್ಯರಲ್ಲ. ಫತ್ವಾ ಕೇಳಿದವರಿಗೆ ಅವರು ಒಂದು ಪ್ರಶ್ನೆಯನ್ನೇ ವಾಪಸು ಕಳಿಸಿದರು: "ಐಬ್ ಹೈ ಕಿ ಶೌಕ್?"

ಐಬೋ, ಶೋಕಿಯೋ. ಎರಡೂ ಅರಬ್ಬೀ ಮಾತುಗಳು, ಈಗ ಎರಡೂ ಕನ್ನಡದವು. ಎತ್ತಿನ ಸಂತೆಯಲ್ಲಿ "ಏನಾದ್ರೂ ಐಬು ಐತೇನು?" ಎಂದು ಕೇಳುವ ರೈತನಿಗೂ, ಮಗನ ಹೊಸ ಅಂಗಿ ನೋಡಿ "ಶೋಕಿ ಜಾಸ್ತಿಯಾಯ್ತು" ಎನ್ನುವ ಅಪ್ಪನಿಗೂ ಅವು ಪರಭಾಷೆಯವು ಎಂಬ ನೆನಪಿಲ್ಲ. ಮೌಲವಿ ಸಾಹೇಬರ ಪ್ರಶ್ನೆ ಅವರ ಸ್ವಂತದ್ದೂ ಆಗಿರಲಿಲ್ಲ. ಏಳೆಂಟು ನೂರು ವರ್ಷಗಳಿಂದ ಕಿತಾಬುಗಳಲ್ಲಿ ನಡೆದು ಬಂದದ್ದು. ಶಾದಿಯಿಂದ ಮರಳಿದ ಮೇಲೆ ನಾವು ಆ ಪ್ರಶ್ನೆಯ ಬೆನ್ನು ಹತ್ತಿದೆವು. ಹಲ್ಲಿನ ಚರಿತ್ರೆ ಇಷ್ಟು ಉದ್ದ ಇದ್ದೀತು ಎಂದು ಅಂದುಕೊಂಡಿರಲಿಲ್ಲ.

ಮೊದಲು ನಮ್ಮ ಮನೆಯ ಮಾತು. ನಮ್ಮ ದಾದಿಯ ಹಲ್ಲು ಬಿಳಿ ಇರಲಿಲ್ಲ. ಕಪ್ಪು ಗೆರೆಗಳು ಹಲ್ಲುಗಳ ಸಂದಿಯಲ್ಲಿ ಇಳಿದಿದ್ದವು, ಒಸಡು ನೀಲಿಗಪ್ಪು. ಚಿಕ್ಕಂದಿನಲ್ಲಿ ಅದನ್ನು ರೋಗ ಎಂದುಕೊಂಡಿದ್ದೆವು. ಅದು ಮಿಸ್ಸಿ. ಮಾಯಿಫಲ, ಅಳಲೆಕಾಯಿ, ಅನ್ನಭೇದಿ, ಮೈಲುತುತ್ತ ಇಂಥವನ್ನು ಕುಟ್ಟಿ ಜರಡಿ ಹಿಡಿದ ಪುಡಿ. ಮಾಯಿಫಲದ ಒಗರು ಕಬ್ಬಿಣದ ಉಪ್ಪಿನೊಂದಿಗೆ ಕೂಡಿದರೆ ಕಪ್ಪಾಗುತ್ತದೆ. ಹಿಂದಿನ ಕಾಲದ ಬರೆಯುವ ಮಸಿಯೂ ಇದೇ ಯುಕ್ತಿಯಿಂದ ಆಗುತ್ತಿತ್ತು. ದಖ್ಖನಿನ ಮುಸ್ಲಿಮ್ ಮನೆಗಳಲ್ಲಿ ಮಿಸ್ಸಿ ಮದುವೆಯೊಂದಿಗೆ ಬರುವ ಸಿಂಗಾರ. ಮೆಹಂದಿ, ಸುರ್ಮಾ, ಪಾನ್ ಇವುಗಳ ಸಾಲಿನದು. ಕನ್ಯೆಯರು ಹಚ್ಚುವಂತಿರಲಿಲ್ಲ. ದಖ್ಖನಿನ ಮುಸ್ಲಿಮರ ರೀತಿ ರಿವಾಜುಗಳನ್ನು ಹುಟ್ಟಿನಿಂದ ಸಾವಿನವರೆಗೆ ವಿವರಿಸಿ ಜಾಫರ್ ಶರೀಫ್ ಬರೆದ, ಹರ್ಕ್‌ಲಾಟ್ಸ್ ಎಂಬ ವೈದ್ಯ ಇಂಗ್ಲಿಷಿಗೆ ತಂದು 1832ರಲ್ಲಿ ಲಂಡನಿನಲ್ಲಿ ಅಚ್ಚಾದ 'ಖಾನೂನೆ ಇಸ್ಲಾಮ್' ಪುಸ್ತಕದಲ್ಲಿ ಮಿಸ್ಸಿಯ ಪ್ರಸ್ತಾಪವಿದೆ. ಲಖನೌದ ತವಾಯಫರ ಕೋಠೆಗಳಲ್ಲಂತೂ ಹುಡುಗಿಯೊಬ್ಬಳು ಕಸುಬಿಗೆ ಇಳಿಯುವ ದಿನಕ್ಕೆ ಮಿಸ್ಸಿ ಎಂದೇ ಹೆಸರು. ಉರ್ದು ಶಾಯರಿ ಮಿಸ್ಸಿ ಹಚ್ಚಿದ ತುಟಿಗಳನ್ನು ಎಷ್ಟು ಹೊಗಳಿದೆ ಎಂದರೆ, ಬಿಳಿ ಹಲ್ಲಿನ ಇಂದಿನ ಓದುಗರಿಗೆ ಅದು ಹೊಗಳಿಕೆ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ದೂರದ ಜಪಾನಿನಲ್ಲೂ ಇದೇ. ಅಲ್ಲಿ ಮದುವೆಯಾದ ಹೆಂಗಸರು ಕಬ್ಬಿಣದ ನೀರು ಮತ್ತು ಮಾಯಿಫಲದಂಥದೇ ಪುಡಿಯಿಂದ ಹಲ್ಲು ಕಪ್ಪು ಮಾಡಿಕೊಳ್ಳುತ್ತಿದ್ದರು. ಓಹಗುರೊ ಎನ್ನುತ್ತಾರೆ. 1870ರಲ್ಲಿ ಮೇಜಿ ಸರ್ಕಾರ ಆಸ್ಥಾನದ ಕುಲೀನರಿಗೆ ಅದನ್ನು ನಿಷೇಧಿಸಿತು. ಪಶ್ಚಿಮದವರ ಮುಂದೆ ನಾಚಿಕೆಯಾಗಬಾರದಲ್ಲ! ನಮ್ಮಲ್ಲಿ ಯಾವ ಸರ್ಕಾರವೂ ಮಿಸ್ಸಿಯನ್ನು ನಿಷೇಧಿಸಲಿಲ್ಲ. ಟೂತ್‌ಪೇಸ್ಟಿನ ಜಾಹೀರಾತು ಆ ಕೆಲಸ ಮಾಡಿತು. ದಾದಿಯ ಕಾಲದ ಅಂದ ನಮ್ಮ ಅಮ್ಮಿಯ ಕಾಲಕ್ಕೆ ಐಬಾಯಿತು. ಅಮ್ಮಿ ಕೊನೆಯವರೆಗೂ ಫಾರೂಖಿ ದಂತಮಂಜನದಿಂದಲೇ ಉಜ್ಜಿದರು. 1920ರಲ್ಲಿ ಹಕೀಮ್ ಮೊಯಿಜುದ್ದೀನ್ ಫಾರೂಖಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಜಿಂದಾ ತಿಲಿಸ್ಮಾತ್ ಕಾರ್ಖಾನೆಯ ಹಲ್ಲುಪುಡಿ ಅದು. ಬೀದರ್ ಜಿಲ್ಲೆಯ ಕಿರಾಣಿ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತದೆ. ಮಿಸ್ಸಿಗೆ ಹೆಸರಿನಲ್ಲಿ ಹತ್ತಿರದ ಇನ್ನೊಂದು ವಸ್ತು ಗಡಿಯಾಚೆ ಮಹಾರಾಷ್ಟ್ರದಲ್ಲೂ ಈಚೆ ನಮ್ಮಲ್ಲೂ ಉಳಿದಿದೆ, ಹುರಿದ ತಂಬಾಕಿನ ಮಿಸ್ರಿ. ಅದು ಸಿಂಗಾರವಲ್ಲ, ಚಟ. ಅದರ ಕಥೆ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮುಗಿಯುತ್ತದೆ.

ಈಗ ಅರೇಬಿಯಾಕ್ಕೆ ಹೋಗೋಣ. ಮೌಲವಿ ಸಾಹೇಬರ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಇಂದು ಹಲ್ಲಿನ ಸಂದಿ ಮುಚ್ಚಿಸಲು ಜನ ದುಡ್ಡು ಕೊಡುತ್ತಾರೆ. ಅಂದಿನ ಅರಬರಲ್ಲಿ ಮುಂದಿನ ಹಲ್ಲುಗಳ ನಡುವೆ ತೆಳುವಾದ ಸಂದಿ ಇದ್ದರೆ ಅದು ಚೆಲುವು. ಎಳೆಯ ಹುಡುಗಿಯರಲ್ಲಿ ಸಹಜವಾಗಿ ಕಾಣುವಂಥದು. ವಯಸ್ಸು ದಾಟಿದ ಹೆಂಗಸರು ಅರದಿಂದ ಉಜ್ಜಿಸಿ ಆ ಸಂದಿಯನ್ನು ಮಾಡಿಸಿಕೊಳ್ಳುತ್ತಿದ್ದರು. ಇಬ್ನು ಮಸ್‌ಊದ್(ರ) ಅವರಿಂದ ವರದಿಯಾಗಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸಿನಲ್ಲಿ ಹಚ್ಚೆ ಹೊಯ್ಯಿಸಿಕೊಳ್ಳುವವರ ಜೊತೆಗೆ, ಅಂದಕ್ಕಾಗಿ ಹಲ್ಲಿನಲ್ಲಿ ಸಂದಿ ಮಾಡಿಸಿಕೊಳ್ಳುವ, ಅಲ್ಲಾಹನ ಸೃಷ್ಟಿಯನ್ನು ಬದಲಿಸುವ ಸ್ತ್ರೀಯರನ್ನೂ ಖಂಡಿಸಲಾಗಿದೆ. ಹಲ್ಲಿಗೆ ತಂತಿ ಎಂದ ಕೂಡಲೇ ನಮ್ಮ ಮೊಹಲ್ಲಾಗಳಲ್ಲಿ ಯಾರಾದರೊಬ್ಬರು ಎತ್ತುವ ಮಾತು ಇದೇ.

ಆದರೆ ಹದೀಸನ್ನು ಅರ್ಧಕ್ಕೆ ನಿಲ್ಲಿಸುವವರು 'ಅಂದಕ್ಕಾಗಿ' ಎಂಬ ಪದವನ್ನು ದಾಟಿಹೋಗುತ್ತಾರೆ. 1277ರಲ್ಲಿ ತೀರಿಕೊಂಡ ಸಿರಿಯಾದ ಇಮಾಮ್ ನವವಿ ಸಹೀಹ್ ಮುಸ್ಲಿಮಿಗೆ ಬರೆದ ವ್ಯಾಖ್ಯಾನದಲ್ಲಿ ಆ ಪದದ ಮೇಲೆಯೇ ಬೆರಳಿಟ್ಟಿದ್ದಾರೆ. ಚೆಲುವನ್ನು ಬೇಡಿ ಮಾಡಿಸುವುದು ನಿಷಿದ್ಧ. ಚಿಕಿತ್ಸೆಗಾಗಿ ಅಥವಾ ಹಲ್ಲಿನಲ್ಲಿರುವ ಐಬಿಗಾಗಿ ಬೇಕಾದರೆ ಅಡ್ಡಿಯಿಲ್ಲ ಎಂಬುದು ಅವರ ಅಭಿಪ್ರಾಯದ ಸಾರ. ಅವರು ಬಳಸಿದ ಪದವೂ ಐಬ್ ಎಂದೇ. ಇಷ್ಟಾದರೆ ವಿಷಯ ಸರಳ. ಕಷ್ಟವಿರುವುದು, ಐಬು ಯಾವುದೆಂದು ತೀರ್ಮಾನಿಸುವವರು ಯಾರು ಎಂಬಲ್ಲಿ.

ಇದಕ್ಕೆ ಜೋಡಿಯಾಗಿ ಇನ್ನೊಂದು ಘಟನೆ ಓದಬೇಕು. ಅರ್ಫಜಾ(ರ) ಎಂಬ ಸಹಾಬಿ ಇಸ್ಲಾಮಿಗೆ ಮುಂಚಿನ ಕುಲಾಬ್ ಕಾಳಗದಲ್ಲಿ ಮೂಗು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗು ಕಟ್ಟಿಸಿಕೊಂಡರು. ಅದು ದುರ್ನಾತ ಹಿಡಿಯಿತು. ಪ್ರವಾದಿ(ಸ) ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಗಂಡಸರಿಗೆ ಚಿನ್ನ ವರ್ಜ್ಯವಾಗಿದ್ದರೂ ಹೇಳಿದರು. ಈ ಹದೀಸನ್ನು ದಾಖಲಿಸಿದ ಇಮಾಮ್ ತಿರ್ಮಿದಿ, ವಿದ್ವಾಂಸರಲ್ಲಿ ಹಲವರು ತಮ್ಮ ಹಲ್ಲುಗಳನ್ನು ಚಿನ್ನದಿಂದ ಬಿಗಿಸಿಕೊಂಡಿದ್ದರು ಎಂದೂ ಸೇರಿಸಿದ್ದಾರೆ. ಅಂದರೆ ಹಲ್ಲಿಗೆ ತಂತಿ ಹಾಕಿಸಿಕೊಂಡ ಗಣ್ಯರು ಅಂದೇ ಇದ್ದರು. ನಮ್ಮ ಹನಫಿ ಫಿಕ್ಹಿನಲ್ಲಿ ಇದರ ಮೇಲೆ ಸಣ್ಣ ವಾಗ್ವಾದವೂ ನಡೆದಿದೆ. ಅಲುಗಾಡುವ ಹಲ್ಲನ್ನು ಬೆಳ್ಳಿಯಲ್ಲಿ ಕಟ್ಟಿದರೆ ಸಾಕು ಎಂದವರು ಇಮಾಮ್ ಅಬೂ ಹನೀಫಾ. ಚಿನ್ನವೂ ಆಗಬಹುದು ಎಂದವರು ಅವರ ಶಿಷ್ಯ ಇಮಾಮ್ ಮುಹಮ್ಮದ್.

ಅಬೂ ಹನೀಫಾರ ಬೆಳ್ಳಿ ಉಳಿಯಲಿಲ್ಲ, ವೈದ್ಯರ ಅನುಭವ ಚಿನ್ನದ ಕಡೆ ನಿಂತಿತು. ಸ್ಪೇನಿನ ಕುರ್ತುಬಾದಲ್ಲಿ ಸುಮಾರು 1013ರವರೆಗೆ ಬದುಕಿದ್ದ ಅಬುಲ್ ಖಾಸಿಮ್ ಅಝ್ಝಹ್ರಾವಿ 'ಅತ್ತಸ್ರೀಫ್' ಎಂಬ ಮೂವತ್ತು ಭಾಗಗಳ ವೈದ್ಯಗ್ರಂಥ ಬರೆದರು. ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಹಲ್ಲು ಕೆರೆಯುವ, ಕೀಳುವ, ಅರೆಯುವ ಉಪಕರಣಗಳ ಚಿತ್ರಗಳೇ ಅಲ್ಲಿವೆ. ಅಲುಗಾಡುವ ಹಲ್ಲುಗಳನ್ನು ಗಟ್ಟಿ ಹಲ್ಲುಗಳಿಗೆ ತಂತಿಯಿಂದ ಹೇಗೆ ಹೆಣೆಯಬೇಕೆಂದು ವಿವರಿಸುತ್ತ, ಬೆಳ್ಳಿ ಕಿಲುಬು ಹಿಡಿಯುತ್ತದೆ, ಚಿನ್ನ ಹಾಗೇ ಉಳಿಯುತ್ತದೆ ಎಂದಿದ್ದಾರೆ. ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಅಧ್ಯಾಯ. ಸಾಲು ತಪ್ಪಿ ಬೆಳೆದ ಹಲ್ಲನ್ನು ಕೀಳಬೇಕು, ಆಗದಿದ್ದರೆ ಅರದಿಂದ ಉಜ್ಜಬೇಕು ಎನ್ನುತ್ತ ಅವರು ಕೊಡುವ ಕಾರಣ, ಅದು ನೋಡಲು ಕುರೂಪ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಎಂಬುದು. ನೋವಿನ ಮಾತಿಲ್ಲ, ಅಗಿಯಲು ಬರುವುದಿಲ್ಲ ಎಂಬ ಮಾತಿಲ್ಲ. ಅಷ್ಟು ದೊಡ್ಡ ಹಕೀಮರೂ ಚಿಕಿತ್ಸೆಯ ಅಧ್ಯಾಯದಲ್ಲಿಯೇ ಅಂದದ ಲೆಕ್ಕ ಬರೆದರು. ಹೆಣ್ಣಿನ ಹೆಸರಲ್ಲೇ ಬರೆದರು. ಹನ್ನೆರಡನೆಯ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಈ ಭಾಗವನ್ನು ಲ್ಯಾಟಿನ್ನಿಗೆ ತಂದ ಮೇಲೆ ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಇದನ್ನೇ ಓದಿದರು.

ಅದಕ್ಕೂ ಹಿಂದೆ ಹೋದರೆ ಶುದ್ಧ ಶೋಕಿಯೂ ಸಿಗುತ್ತದೆ. ಇಟಲಿಯ ಎಟ್ರುಸ್ಕನ್ ಕುಲೀನ ಹೆಂಗಸರ ಗೋರಿಗಳಲ್ಲಿ ಹಲ್ಲಿಗೆ ಸುತ್ತಿದ ಚಿನ್ನದ ಪಟ್ಟಿಗಳು ದೊರೆತಿವೆ. ಬಾಯಿ ತೆರೆದರೆ ಸಿರಿವಂತಿಕೆ ಕಾಣಲಿ ಎಂದು ತೊಟ್ಟ ಒಡವೆ. ನಮ್ಮ ಕಾಲದಲ್ಲೂ ಅದು ಮರುಕಳಿಸಿತು. 2000ರ ದಶಕದಲ್ಲಿ ಥಾಯ್ಲೆಂಡಿನ ಹುಡುಗ ಹುಡುಗಿಯರು ಸಾಲು ನೆಟ್ಟಗಿದ್ದರೂ ಬಣ್ಣದ ಸುಳ್ಳು ತಂತಿಗಳನ್ನು ಅಂಗಡಿಗಳಲ್ಲಿ ಹಾಕಿಸಿಕೊಳ್ಳತೊಡಗಿದರು. ತಂತಿ ದುಬಾರಿ, ಆದ್ದರಿಂದ ತಂತಿ ಇದ್ದವರು ಉಳ್ಳವರು ಎಂಬ ಲೆಕ್ಕ. ಸಾವುಗಳೂ ವರದಿಯಾಗಿ ಸರ್ಕಾರ ಅದರ ಮೇಲೆ ನಿಷೇಧ ಹೇರಬೇಕಾಯಿತು. ಇಂಡೋನೇಷ್ಯಾದಲ್ಲೂ ಆ ಗೀಳು ಹಬ್ಬಿತ್ತು. ಇತ್ತ ಜಪಾನಿನಲ್ಲಿ ಕೋರೆಹಲ್ಲು ಸ್ವಲ್ಪ ಹೊರಚಾಚಿದರೆ ಮುದ್ದು ಎಂದು, ನೆಟ್ಟಗಿನ ಹಲ್ಲಿಗೆ ಸೊಟ್ಟ ಕವಚ ಅಂಟಿಸಿಕೊಂಡವರೂ ಉಂಟು.

ನಾವಿಂದು ತಂತಿ ಎನ್ನುವುದು ಫ್ರಾನ್ಸಿನಿಂದ ಹೊರಟದ್ದು. ರೋಮಿನ ಸೆಲ್ಸಸ್ ಒಂದನೆಯ ಶತಮಾನದಲ್ಲೇ, ಹೊಸ ಹಲ್ಲು ಅಡ್ಡ ಬಂದರೆ ದಿನವೂ ಬೆರಳಿನಿಂದ ಸ್ಥಳಕ್ಕೆ ಒತ್ತಿರಿ ಎಂದಿದ್ದ. ನಮ್ಮ ತಾಯಂದಿರೂ ಅದನ್ನೇ ಹೇಳುತ್ತಿದ್ದರು, ಸೆಲ್ಸಸನನ್ನು ಓದದೆ. 1728ರಲ್ಲಿ ಪಿಯರ್ ಫೋಶಾರ್ ತನ್ನ ದಂತವೈದ್ಯದ ಗ್ರಂಥದಲ್ಲಿ ಬೆರಳಿನ ಬದಲು ಲೋಹದ ಪಟ್ಟಿಯನ್ನೂ ದಾರವನ್ನೂ ಇಟ್ಟ. ಆಮೇಲೆ ಅಮೆರಿಕದ ಎಡ್ವರ್ಡ್ ಆ್ಯಂಗಲ್ 1899ರಲ್ಲಿ ಹಲ್ಲುಗಳ ಕಚ್ಚುವಿಕೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದ. ಮರುವರ್ಷ ಸೇಂಟ್ ಲೂಯಿಯಲ್ಲಿ ಅದಕ್ಕೆಂದೇ ಒಂದು ಶಾಲೆ ತೆರೆದ. ಅವನ ವರ್ಗಗಳನ್ನು ಭಾರತದ ದಂತವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಆ್ಯಂಗಲ್ ಬಲು ಉಪಕಾರಿ, ಸಂಶಯವಿಲ್ಲ. ಆದರೆ ಅವನ ಕಣ್ಣ ಮುಂದೆ ಒಂದು ಆದರ್ಶ ಮುಖವಿತ್ತು, ಗ್ರೀಕ್ ದೇವತೆ ಅಪೊಲೊನ ವಿಗ್ರಹದ ಮುಖ. ಹೀಗೆ ಹೋಲಿಸತೊಡಗಿದ ಮೇಲೆ ಲೋಕದ ಬಹುಪಾಲು ಬಾಯಿಗಳಲ್ಲಿ ಒಂದಲ್ಲ ಒಂದು ದೋಷ ಕಂಡಿತು. ಹಿಂದೆ ಮನೆಮಂದಿ ಹೇಳುತ್ತಿದ್ದ ಐಬಿಗೆ ಈಗ ಲ್ಯಾಟಿನ್ ಹೆಸರೂ ವರ್ಗಸಂಖ್ಯೆಯೂ ಬಂತು.

ತಂತಿ ಕೆಲಸ ಮಾಡುವ ಬಗೆಯನ್ನು ತಿಳಿದರೆ ವಯಸ್ಸಿನ ಪ್ರಶ್ನೆ ತಿಳಿಯಾಗುತ್ತದೆ. ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ಕೂತಿಲ್ಲ. ಬೇರಿಗೂ ಎಲುಬಿಗೂ ನಡುವೆ ತೆಳುವಾದ ನಾರಿನ ಪದರವಿದೆ. ಸಣ್ಣ ಒತ್ತಡ ಸತತವಾಗಿ ಬಿದ್ದರೆ ಒತ್ತಿದ ಕಡೆ ಎಲುಬು ಕರಗುತ್ತದೆ, ಬಿಟ್ಟ ಕಡೆ ಹೊಸ ಎಲುಬು ತುಂಬುತ್ತದೆ. ತಿಂಗಳಿಗೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಸರಿಯುತ್ತದೆ. ಜೀವಂತ ಎಲುಬು ಇರುವವರೆಗೆ ಈ ಕ್ರಿಯೆ ನಿಲ್ಲುವುದಿಲ್ಲ, ಐವತ್ತರಲ್ಲೂ ನಡೆಯುತ್ತದೆ. ಮಕ್ಕಳಲ್ಲಿ ದವಡೆ ಇನ್ನೂ ಬೆಳೆಯುತ್ತಿರುವುದರಿಂದ ಅದರ ದಿಕ್ಕನ್ನೂ ತಿದ್ದಬಹುದು. ದೊಡ್ಡವರಲ್ಲಿ ಅದಾಗದು, ಹಲ್ಲನ್ನಷ್ಟೇ ಸರಿಸಬಹುದು. ಒಸಡಿನ ರೋಗವಿದ್ದರೆ ಮೊದಲು ಅದು ವಾಸಿಯಾಗಬೇಕು. ಜಾಗ ಸಾಲದಿದ್ದರೆ ಕೋರೆಹಲ್ಲಿನ ಹಿಂದಿನವನ್ನು ಮೇಲೆ ಕೆಳಗೆ ಎರಡೆರಡು ಕೀಳಿಸಬೇಕಾಗುತ್ತದೆ. ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ತೆಗೆದ ಮೇಲೂ ಹಿಡಿಕೆ ತೊಡದಿದ್ದರೆ ಹಲ್ಲುಗಳು ಹಳೆಯ ಜಾಗ ನೆನಪಿಸಿಕೊಂಡು ಹೊರಡುತ್ತವೆ.

ಹಾಗಿದ್ದರೂ ದೊಡ್ಡವರು ಬಹುಕಾಲ ಈ ಕಡೆ ಸುಳಿಯಲಿಲ್ಲ. ಆ್ಯಂಗಲ್‌ನ ಕಾಲದಲ್ಲಿ ತಂತಿ ಚಿನ್ನದ್ದು. ಸ್ಟೀಲ್ ಬಂದು ಅಗ್ಗವಾದ ಮೇಲೂ ಪ್ರತಿ ಹಲ್ಲಿಗೂ ಲೋಹದ ಉಂಗುರ ತೊಡಿಸಬೇಕಿತ್ತು. ಬಾಯಿ ತೆರೆದರೆ ತಗಡಿನ ಪೆಟ್ಟಿಗೆ ತೆರೆದಂತೆ. ಶಾಲೆಯ ಹುಡುಗ ಸಹಿಸಿಯಾನು, ಕಚೇರಿಗೆ ಹೋಗುವವರು ಹೇಗೆ ಸಹಿಸಬೇಕು? 1955ರಲ್ಲಿ ಬ್ಯುವೊನೊಕೋರ್ ಎಂಬಾತ ಹಲ್ಲಿನ ಮೇಲ್ಮೈಯನ್ನು ಆಮ್ಲದಿಂದ ತುಸು ಒರಟು ಮಾಡಿದರೆ ಅಂಟು ಹಿಡಿಯುತ್ತದೆ ಎಂದು ತೋರಿಸಿದ. ಅದರಿಂದಾಗಿ 1970ರ ದಶಕಕ್ಕೆ ಉಂಗುರ ಹೋಗಿ ಹಲ್ಲಿಗೊಂದು ಪುಟ್ಟ ಗುಂಡಿಯಷ್ಟೇ ಉಳಿಯಿತು. ಅದೇ ಹೊತ್ತಿಗೆ ಐಯೊವಾ ವಿಶ್ವವಿದ್ಯಾಲಯದ ಆಂಡ್ರಿಯಾಸನ್, ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ನಿಕ್ಕಲ್ ಟೈಟಾನಿಯಮ್ ತಂತಿಯನ್ನು ಬಾಯಿಗೆ ತಂದರು. ಬಗ್ಗಿಸಿದರೂ ಮೊದಲಿನ ಆಕಾರಕ್ಕೆ ಮರಳುವ, ಮೆಲ್ಲಗೆ ಎಡೆಬಿಡದೆ ಎಳೆಯುವ ತಂತಿ. ಕೊನೆಗೆ 1997ರಲ್ಲಿ, ಲಾಹೋರಿನಲ್ಲಿ ಬೆಳೆದು ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ ಜಿಯಾ ಚಿಶ್ತಿ, ದೊಡ್ಡವನಾದ ಮೇಲೆ ತಾನೇ ತಂತಿ ಹಾಕಿಸಿಕೊಂಡ ಅನುಭವದಿಂದ, ಸಹಪಾಠಿ ಕೆಲ್ಸಿ ವರ್ತ್ ಜೊತೆ ಸೇರಿ ಕಾಣದ ಪ್ಲಾಸ್ಟಿಕ್ ಅಚ್ಚುಗಳ ಕಂಪನಿ ಕಟ್ಟಿದ. ಇನ್‌ವಿಸಲೈನ್ ಎಂಬುದು ಅದೇ. ನಾಚಿಕೆಗೆ ಮದ್ದು ಸಿಕ್ಕ ಕೂಡಲೇ ದೊಡ್ಡವರು ಸಾಲುಗಟ್ಟಿದರು.

ಐಯೊವಾ ಎಂದ ಕೂಡಲೇ ಇನ್ನೊಬ್ಬರು ನೆನಪಾಗುತ್ತಾರೆ. ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಇವರ ಹೆಸರು ಬರುವುದಿಲ್ಲವಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇವೆ. ಪೂರ್ವ ಬಂಗಾಳದಲ್ಲಿ 1890ರಲ್ಲಿ ಹುಟ್ಟಿದ ರಫಿಯುದ್ದೀನ್ ಅಹ್ಮದ್ ಅದೇ ಐಯೊವಾ ವಿಶ್ವವಿದ್ಯಾಲಯದಿಂದ 1915ರಲ್ಲಿ ದಂತವೈದ್ಯ ಪದವಿ ಪಡೆದರು. ಕಲ್ಕತ್ತೆಗೆ ಮರಳಿ 1920ರಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜು ತೆರೆದರು. ಹಣ ಎಲ್ಲಿಂದ? ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ತಮ್ಮದೇ ಅಂಗಡಿಯ ಲಾಭದಿಂದ. ಸಿಹಿ ಸೋಡಾ ಮಾರಿ ಹಲ್ಲಿನ ಕಾಲೇಜು ನಡೆಸಿದರು ಎಂದು ನಗುವವರು ನಗಲಿ. 1949ರಲ್ಲಿ ಆ ಕಾಲೇಜನ್ನು ಸರ್ಕಾರಕ್ಕೆ ದಾನ ಕೊಟ್ಟರು. ಬಿ.ಸಿ. ರಾಯ್ ಅವರ ಸಂಪುಟದಲ್ಲಿ ಮಂತ್ರಿಯಾದರು, 1964ರಲ್ಲಿ ಪದ್ಮಭೂಷಣ ಬಂತು. ಅವರ ಜನ್ಮದಿನ ಡಿಸೆಂಬರ್ 24ನ್ನು ದೇಶದ ದಂತವೈದ್ಯರು ತಮ್ಮ ದಿನವಾಗಿ ಆಚರಿಸುತ್ತಾರೆ.

ಅವರಂಥವರ ಒತ್ತಾಯದ ಫಲವಾಗಿ 1948ರಲ್ಲಿ ದೇಶಕ್ಕೆ ದಂತವೈದ್ಯರ ಕಾಯ್ದೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆಯಿತು. ಆ ದಿನಗಳಲ್ಲಿ ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ನಮ್ಮ ಹಿರಿಯರು ಪ್ರಾಣ ಉಳಿಸಿಕೊಂಡರೆ ಸಾಕೆಂದಿದ್ದರು. ಹಲ್ಲು ನೆಟ್ಟಗಿದೆಯೋ ಸೊಟ್ಟಗಿದೆಯೋ ಯಾರಿಗೆ ಬೇಕಿತ್ತು? 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಎಷ್ಟೋ ದಶಕ ಹಳ್ಳಿಯವರಿಗೆ ಹಲ್ಲಿನ ವೈದ್ಯ ಎಂದರೆ ಕೀಳುವವನು. ಸಂತೆಯಲ್ಲಿ ಇಕ್ಕಳ ಹಿಡಿದು ಕೂತವನು. ಕಲಬುರಗಿಯಲ್ಲಿ, ಆಮೇಲೆ ಬೀದರಿನಲ್ಲಿಯೇ ದಂತವೈದ್ಯ ಕಾಲೇಜುಗಳು ಆದವು. ಕಾಲೇಜು ಎಂದ ಮೇಲೆ ಕಲಿಯುವ ವಿದ್ಯಾರ್ಥಿಗಳಿಗೆ ಬಾಯಿಗಳು ಬೇಕು. ಅಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ ಖರ್ಚಿನಲ್ಲಿ ಕೆಲಸ ಆಗುತ್ತದೆ, ಕಂತಿನಲ್ಲೂ ಕಟ್ಟಬಹುದು. ಖಟಕ ಚಿಂಚೋಳಿಯಂಥ ಊರಿಗೆ ತಂತಿ ಬಂದದ್ದು ಈ ದಾರಿಯಿಂದ.

ಶಾದಿಯಲ್ಲಿ ಕಂಡ ಶಿಕ್ಷಕಿಯೂ ಅಂಥದೇ ಒಂದು ಕಡೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅವರ ಮಾತು ಕೇಳಬೇಕೆನ್ನಿಸಿ, ಶಾದಿಯ ಗದ್ದಲ ಅಡಗಿದ ಮೇಲೆ ಮನೆಗೆ ಹೋದೆವು. ಹೆಸರು ಬೇಡ ಎಂದರು. ಅವರ ಮೇಲಿನ ಹಲ್ಲುಗಳು ಚಿಕ್ಕಂದಿನಿಂದ ಮುಂದೆ ಬಂದಿದ್ದವು. ಅಗಿಯಲು ತೊಂದರೆ ಇರಲಿಲ್ಲ, ನೋವಿರಲಿಲ್ಲ, ಮಾತು ಸ್ಪಷ್ಟವಾಗಿಯೇ ಇತ್ತು. ವೈದ್ಯರ ಭಾಷೆಯಲ್ಲಿ ತುರ್ತಾದ ಅಗತ್ಯವಿಲ್ಲ. ಆದರೆ ಇಪ್ಪತ್ತೆರಡರಲ್ಲಿ ಹುಡುಗಿ ನೋಡಲು ಬಂದವರು ಚಹಾ ಕುಡಿದು ಎದ್ದುಹೋದರು. ಎರಡನೆಯವರೂ ಹಾಗೆಯೇ. ಮೂರನೆಯವರು ಒಪ್ಪಿದರು, ಒಪ್ಪುವ 'ಘೋಡೆ-ಜೋಡೆ ಕಿ ರಖಮ್' ಮಾತ್ರ ಏರಿತು. ವರದಕ್ಷಿಣೆಗೆ ನಮ್ಮ ಕಡೆ ಇಟ್ಟ ಮರ್ಯಾದೆಯ ಹೆಸರು ಅದು. ಹುಡುಗಿಗೆ ಓದು ಇದೆ ಸರಿ, ಹಲ್ಲಿನ ಐಬೂ ಇದೆಯಲ್ಲ ಎಂದು ಮಧ್ಯಸ್ಥಿಕೆಯ ಹೆಂಗಸು ಎಲ್ಲರ ಮುಂದೆಯೇ ಹೇಳಿದಳು. ಅಬ್ಬಾ ಅರ್ಧ ಎಕರೆ ಮಾರಿದರು. ಆ ಅರ್ಧ ಎಕರೆಯ ಬೆಲೆಯಲ್ಲಿ ಇಂದು ಎಷ್ಟು ಬಾಯಿಗಳಿಗೆ ತಂತಿ ಹಾಕಿಸಬಹುದು ಎಂದು ಅವರೇ ಲೆಕ್ಕ ಹಾಕಿ ನಕ್ಕರು.

ಅವರ ಗಂಡನ ಮುಂದಿನ ಹಲ್ಲೂ ಒಂದು ಅರ್ಧ ಮುರಿದಿದೆ ಎಂಬುದು ಮಾತಿನ ನಡುವೆ ತಿಳಿಯಿತು. ಅದಕ್ಕೆ ಯಾರೂ ರಖಮ್ ಇಳಿಸಿರಲಿಲ್ಲ.

ಇಲ್ಲಿ ನಮಗೆ ಮೌಲವಿ ಸಾಹೇಬರ ಪ್ರಶ್ನೆ ತಿರುಗಿ ನಿಂತಂತೆ ಕಂಡಿತು. ಇಪ್ಪತ್ತೆರಡರಲ್ಲಿ ಆ ಹಲ್ಲುಗಳನ್ನು ಐಬು ಎಂದು ಬೆಲೆ ಕಟ್ಟಿದ ಮಂದಿಯೇ ಮೂವತ್ತಾರರಲ್ಲಿ ಅವಕ್ಕೆ ತಂತಿ ಬಿದ್ದಾಗ ಶೋಕಿ ಎನ್ನುತ್ತಿದ್ದಾರೆ. ಹಲ್ಲು ಬದಲಾಗಿಲ್ಲ. ಮೊದಲು ಅದು ಗಂಡಿನ ಕಡೆಯವರ ಕಣ್ಣಿಗೆ ಬೇಕಾಗಿತ್ತು, ಈಗ ಅವರಿಗೇ ಬೇಕಾಗಿದೆ, ಅಷ್ಟೇ ವ್ಯತ್ಯಾಸ. ಕಾಳಗದಲ್ಲಿ ಮೂಗು ಕಳೆದುಕೊಂಡ ಗಂಡಸಿನ ಐಬು ಯಾರ ವಾದವೂ ಇಲ್ಲದೆ ಐಬಾಗಿ ನಿಂತಿತು. ಹೆಣ್ಣಿನದು ಪ್ರತಿ ಸಲ ಸಾಕ್ಷಿ ತರಬೇಕು. 2007ರಲ್ಲಿ ಮಲೇಷ್ಯಾದ ಪುತ್ರಜಾಯದಲ್ಲಿ ನಡೆದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯ ಹದಿನೆಂಟನೆಯ ಅಧಿವೇಶನ ಸೌಂದರ್ಯ ಶಸ್ತ್ರಚಿಕಿತ್ಸೆಯ ಬಗ್ಗೆ ನಿರ್ಣಯ ಮಾಡುವಾಗ, ಮೈಗೆ ಆಗುವ ತೊಂದರೆಯ ಜೊತೆಗೆ ಮನಸ್ಸಿಗೆ ಆಗುವ ನೋವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆಲಿಮರು ಮನಸ್ಸಿನವರೆಗೆ ಬಂದರು, ಮೊಹಲ್ಲಾ ಇನ್ನೂ ಬರಬೇಕಷ್ಟೆ.

ಟಿ.ವಿ.ಯೂ ಈ ವಿಷಯದಲ್ಲಿ ಮೊಹಲ್ಲಾದ ಕಡೆಯೇ. 2003ರಿಂದ 2006ರವರೆಗೆ ಸೋನಿಯಲ್ಲಿ 'ಜಸ್ಸಿ ಜೈಸೀ ಕೋಯಿ ನಹೀಂ' ಬರುತ್ತಿತ್ತು. ಮೂಲ ಕೊಲಂಬಿಯಾ ದೇಶದ ಧಾರಾವಾಹಿ. ದಪ್ಪ ಕನ್ನಡಕ, ಹಲ್ಲಿಗೆ ತಂತಿ, ಇವೇ ಜಸ್ಸಿಯ ಕುರೂಪದ ಗುರುತು. ಭಾಲ್ಕಿ, ಔರಾದಿನ ಕೇಬಲ್ ಮನೆಗಳಲ್ಲೂ ಜನ ಅದನ್ನು ನೋಡಿದರು, ಜಸ್ಸಿಯ ಬುದ್ಧಿಯನ್ನು ಮೆಚ್ಚಿದರು, ಅವಳು ತಂತಿ ಕಳಚಿ ಸುಂದರಿಯಾಗಲಿ ಎಂದು ಕಾದರು. ಆದಳು ಕೂಡ. ನಮ್ಮ ಶಿಕ್ಷಕಿಗೂ ಶಾಲೆಯಲ್ಲಿ ಮೊದಲ ವಾರ ಜಸ್ಸಿ ಎಂಬ ಹೆಸರು ಬಿತ್ತು. ಹೆಸರಿಟ್ಟವರು ಮಕ್ಕಳಲ್ಲ, ಸ್ಟಾಫ್ ರೂಮಿನವರು. ಮಕ್ಕಳಿಗೆ ಜಸ್ಸಿ ಯಾರೆಂದೇ ಗೊತ್ತಿಲ್ಲ.

ಅದಕ್ಕೆ ಅವರು ಕೊಟ್ಟ ಉತ್ತರ ನಮಗೆ ಇಷ್ಟವಾಯಿತು. ಬೀದರಿನ ಬಿದ್ರಿ ಕಸಬುದಾರರು ಕೆಲಸ ಮಾಡುವುದನ್ನು ನೋಡಿದವರಿಗೆ ಅದು ಬೇಗ ಹಿಡಿಸೀತು. ಸತು, ತಾಮ್ರದ ಎರಕದ ಮೇಲೆ ಉಳಿಯಿಂದ ಗೀರು ಕೊರೆಯುತ್ತಾರೆ, ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಕೂಡಿಸಿ ಮೆಲ್ಲಗೆ ಬಡಿಯುತ್ತಾರೆ, ಕೊನೆಗೆ ಕೋಟೆಯ ಮಣ್ಣು, ನವಸಾಗರದ ನೀರಿನಿಂದ ಮೈ ಕಪ್ಪಾಗಿ ತಂತಿಯೊಂದೇ ಹೊಳೆಯುತ್ತದೆ. ಅವಸರ ಮಾಡಿದರೆ ಕೆಲಸ ಕೆಡುತ್ತದೆ. "ಬಾಯಾಗ ಬಿದ್ರಿ ಕೆಲಸ ನಡದದ ನೋಡ್ರಿ ಸರ್, ಎರಡು ವರ್ಷ ತಡೀರಿ" ಎಂದರಂತೆ ಅವರು ಹೆಡ್‌ಮಾಸ್ಟರರಿಗೆ.

ತೊಂದರೆಗಳನ್ನೂ ಅವರು ಮುಚ್ಚಿಡಲಿಲ್ಲ. ತಂತಿ ಬಿಗಿ ಮಾಡಿಸಿದ ಮೊದಲ ನಾಲ್ಕು ದಿನ ಜೋಳದ ಕಟಕ ರೊಟ್ಟಿ ಸಾಧ್ಯವೇ ಇಲ್ಲ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಇಲ್ಲವೆ ಖಿಚಡಿ. ಗೋಷ್ತ್ ಎಳೆದು ತಿನ್ನುವ ಹಾಗಿಲ್ಲ, ಬಿಡಿಸಿ ತಿನ್ನಬೇಕು. ಮಿಸ್ವಾಕ್ ತಂತಿಗೆ ಸಿಕ್ಕುತ್ತದೆ, ಸಣ್ಣ ಬ್ರಷ್ಷೇ ಬೇಕು. ಗುಸ್ಲಿನಲ್ಲಿ ಬಾಯಿ ಮುಕ್ಕಳಿಸುವುದು ಫರ್ಜ್ ಆದ್ದರಿಂದ ಅಂಟಿಸಿದ ಗುಂಡಿಗಳ ಅಡಿಗೆ ನೀರು ಹೋಗದಿದ್ದರೆ ಹೇಗೆ ಎಂದು ಅವರೇ ಆಲಿಮರೊಬ್ಬರನ್ನು ಕೇಳಿ, ಕೀಳಲಾಗದಂತೆ ಕೂಡಿಸಿದ್ದರಿಂದ ಅಡ್ಡಿಯಿಲ್ಲ ಎಂಬ ಉತ್ತರ ಪಡೆದಿದ್ದರು. ಹಣ ಅವರ ಸಂಬಳದ್ದೇ. ಗಂಡ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ನೆನಪಿಸಿದಾಗ, "ನನಗ ಎರಡೂ ಒಮ್ಮೆಗೇ ಬಂದಾವ್ರಿ, ಆದ್ರ ಎರಡು ವರ್ಷ ಕಡಲಿ ತಿನ್ನಬ್ಯಾಡ ಅಂದಾರ ಡಾಕ್ಟರು" ಎಂದರು.

ಮುದುಕಿ ಕೇಳಿದ ಪ್ರಶ್ನೆಯನ್ನೂ ನಾವು ಕೇಳಿದೆವು. ಯಾರಿಗೆ ತೋರಿಸಲಿಕ್ಕೆ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮದುವೆಯ ಫೋಟೋ ತಂದು ತೋರಿಸಿದರು. ಅದರಲ್ಲಿ ಅವರ ತುಟಿ ಬಿಗಿದುಕೊಂಡಿದೆ. ಕಾಲೇಜಿನ ಫೋಟೋ, ಟಿ.ಸಿ.ಎಚ್. ಫೋಟೋ, ಮಗನ ಅಖೀಖಾ ಫೋಟೋ, ಎಲ್ಲದರಲ್ಲೂ ಹಾಗೆಯೇ. ಹದಿನೆಂಟು ವರ್ಷಗಳ ಫೋಟೋಗಳಲ್ಲಿ ಒಂದರಲ್ಲೂ ಅವರು ನಕ್ಕಿಲ್ಲ. ತಂತಿ ಹಾಕಿದ ಮೇಲೆ ಶಾಲೆಯ ಗ್ರೂಪ್ ಫೋಟೋದಲ್ಲಿ ಬಾಯಿ ತೆರೆದು ನಕ್ಕಿದ್ದಾರೆ. ತಂತಿ ಎದ್ದು ಕಾಣುತ್ತದೆ. "ಹ್ಯಾಂಗೂ ಎಲ್ಲರಿಗಿ ಕಂಡೇ ಬಿಟ್ಟದ, ಇನ್ನ ಮುಚ್ಚಿ ಏನ್ ಮಾಡ್ಲಿ?"

ನಾವು ಎದ್ದಾಗ ನಾಲ್ಕನೆಯ ತರಗತಿಯ ಮಗಳು ಬಾಗಿಲಲ್ಲಿ ನಿಂತಿದ್ದಳು. ತಾಯಿಯ ಹಲ್ಲುಗಳೇ ಅವಳಿಗೂ ಬಂದಿವೆ. ಡಾಕ್ಟರರಿಗೆ ತೋರಿಸಿದ್ದಾರೆ; ಹಾಲುಹಲ್ಲು ಪೂರ್ತಿ ಬೀಳಲಿ, ಎರಡು ಮೂರು ವರ್ಷ ಬಿಟ್ಟು ಕರೆತನ್ನಿ, ಈ ವಯಸ್ಸಿನಲ್ಲಾದರೆ ದವಡೆಯನ್ನೂ ತಿದ್ದಬಹುದು ಎಂದಿದ್ದಾರೆ. ತಾಯಿ ಅಂಚೆ ಕಚೇರಿಯಲ್ಲಿ ಒಂದು ಆರ್.ಡಿ. ಖಾತೆ ತೆರೆದಿದ್ದಾರೆ. ನಿನಗೂ ತಂತಿ ಬೇಕೇನವ್ವಾ ಎಂದು ನಾವು ಕೇಳಿದೆವು. ಹುಡುಗಿ ತಾಯಿಯ ಬಾಯಿಯನ್ನೊಮ್ಮೆ ನೋಡಿದಳು, ಆಮೇಲೆ ತನ್ನ ಮುಂದಿನ ಹಲ್ಲುಗಳ ಮೇಲೆ ನಾಲಿಗೆ ಆಡಿಸಿ, ಮೊದಲು ರೊಟ್ಟಿ ತಿನ್ನಲಿಕ್ಕೆ ಬಿಡುತ್ತಾರೋ ಇಲ್ಲವೋ ಹೇಳಿ ಎಂದಳು.